ಒಳಗೆ ಬಿಟ್ಟ ನಾಲ್ಕು ಬೆರಳು ಬಟ್ಟೆ

ನಮ್ಮ ಶಾಲೆಯ ನೂರಾ ನಲವತ್ತು ಹುಡುಗಿಯರಲ್ಲಿ ಯಾರು ಈ ವರ್ಷ ಎಷ್ಟು ಎತ್ತರ ಬೆಳೆದರು ಎಂಬುದು ಮುಖ್ಯೋಪಾಧ್ಯಾಯರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದಿಲಶಾದಬಿಗೆ ಮಾತ್ರ. ಬೆಟಗೇರಿಯ ಮಗ್ಗದ ಓಣಿಯ ತುದಿಯಲ್ಲಿ, ಕಿಟಕಿಗೆ ಒತ್ತಿಸಿಟ್ಟ ಕಾಲಿನ ಹೊಲಿಗೆ ಮಷಿನ್ನಿನ ಹಿಂದೆ ಕೂತು, ಇಪ್ಪತ್ತೆರಡು ವರ್ಷ ನಮ್ಮ ಹುಡುಗಿಯರ ಸಮವಸ್ತ್ರ ಹೊಲಿದ ಹೆಂಗಸು ಅವರು. ಅಳತೆ ತೆಗೆಯುವಾಗ ಬಾಗಿಲಿನ ಪರದೆ ಎಳೆಯುತ್ತಿದ್ದರು. ಹುಡುಗಿ ನಾಚಿ ಕುಗ್ಗಿ ನಿಂತರೆ, "ಸೆಟದು ನಿಂದ್ರವಾ, ನೀ ಕುಗ್ಗಿದ್ರ ಡ್ರೆಸ್ಸೂ ಕುಗ್ಗತೈತಿ" ಎಂದು ಬೆನ್ನಿಗೊಂದು ಗುದ್ದು ಕೊಡುತ್ತಿದ್ದರು. ಹುಡುಗಿಯರ ಪ್ಯಾಂಟಿಗೆ ಕಿಸೆ ಇಟ್ಟವರೂ ನಮ್ಮ ಕಡೆ ಇವರೇ ಮೊದಲು.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಪಕ್ಕದ ಹೊಲಿಗೆಯಲ್ಲಿ, ಕೆಳಗಿನ ಅಂಚಿನಲ್ಲಿ, ತೋಳಿನ ತುದಿಯಲ್ಲಿ ಎರಡೆರಡು ಬೆರಳು ಬಟ್ಟೆಯನ್ನು ಒಳಗೆ ಮಡಿಸಿ ಬಿಡುತ್ತಿದ್ದರು. ಎಂಟನೆಯ ತರಗತಿಗೆ ಹೊಲಿದದ್ದನ್ನು ಒಂಬತ್ತಕ್ಕೆ ಒಂದಿಷ್ಟು, ಹತ್ತಕ್ಕೆ ಇನ್ನೊಂದಿಷ್ಟು ಬಿಚ್ಚಿ ದೊಡ್ಡದು ಮಾಡಿಕೊಡುತ್ತಿದ್ದರು. ಬಿಚ್ಚಿದ ಕಡೆ ಬಿಸಿಲು ಕಾಣದ ಬಟ್ಟೆ ಕಡು ನೀಲಿ ಗೆರೆಯಾಗಿ ಕಾಣುತ್ತಿತ್ತು. ಎಷ್ಟು ಗೆರೆ ಇವೆ ಎಂದು ನೋಡಿದರೆ ಸಾಕು, ಹುಡುಗಿ ಎಷ್ಟನೆಯ ತರಗತಿ ಎಂದು ನಾವು ಹೇಳುತ್ತಿದ್ದೆವು.

ನಾನು ಆ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬಾಯಿ ಜೋರು ಎಂದು ಹೆಸರಾದವಳು. ಬೇಕಾದ ಹೊತ್ತಿನಲ್ಲಿ ಆ ಬಾಯಿ ಎಲ್ಲಿ ಹೋಗಿತ್ತು ಎಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ದಿಲಶಾದಬಿ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ದಾರಿಯಲ್ಲಿ ಸೈಕಲ್ ಮೇಲೆ ಬರುವ ಹುಡುಗನೊಬ್ಬ ಹಿಂದೆ ಬಿದ್ದ. ಮನೆಯಲ್ಲಿ ಬಂದು ಹೇಳಿದರು. ಮರುದಿನ ಆ ಹುಡುಗ ಎಂದಿನಂತೆ ಶಾಲೆಗೆ ಹೋದ, ಇವರು ಹೋಗಲಿಲ್ಲ. "ಅಷ್ಟರಿ ಅಕ್ಕಾರ ನನ್ನ ವಿದ್ಯಾ" ಎಂದು ನಗುತ್ತಿದ್ದರು. ನಗು ಬರುವಂಥದ್ದು ಅದರಲ್ಲಿ ಏನಿತ್ತೋ ನನಗಂತೂ ತಿಳಿಯಲಿಲ್ಲ. ಮದುವೆಯಾಗಿ ಬೆಟಗೇರಿಗೆ ಬಂದರು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳು ಬಾನುಬಿ, ತಾಯಿಯ ಹೊಲಿಗೆಗೆ ಕೈಜೋಡಿಸಲು ಎಂಟನೆಯ ತರಗತಿಗೇ ಶಾಲೆ ಬಿಟ್ಟಳು. ಅವಳನ್ನು ಲಕ್ಷ್ಮೇಶ್ವರದ ಶೇಖಸಾಬನಿಗೆ ಕೊಟ್ಟರು. ಗಾದಿ ಹೊಲಿದು ಮಾರುವ ಅಂಗಡಿ ಅವನದು. ಬಾನುಬಿ ಕಾಮಾಲೆಯಾಗಿ ಹೋದಾಗ ಅವಳ ಮಗಳು ಮೆಹನಾಜಳಿಗೆ ಆರು ವರ್ಷ.

ಶೇಖಸಾಬ ಮತ್ತೊಂದು ಮದುವೆಯಾದ. ಕೂಸನ್ನು ಅಜ್ಜಿ ಬೇಡಿ ತಂದರು. ಹತ್ತನೆಯ ತರಗತಿಯವರೆಗೆ ಬೆಟಗೇರಿಯಲ್ಲೇ ಓದಲಿ ಎಂದು ಅವನೂ ಒಪ್ಪಿದ, ಆದರೆ ಒಂದು ಕರಾರು ಹಾಕಿದ. ಹುಡುಗಿಯ ಮೇಲೆ ಒಂದೇ ಒಂದು ಮಾತು ಬಂದರೂ ಅವತ್ತೇ ಕರೆದುಕೊಂಡು ಹೋಗುವುದು, ಆಮೇಲೆ ಶಾಲೆಯ ಹೆಸರು ಎತ್ತಬಾರದು. ಇದು ನನಗೆ ಗೊತ್ತಿತ್ತು. ದಿಲಶಾದಬಿ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. "ನಾ ಏಳನೇತ್ತ, ನನ್ನ ಬಾನು ಎಂಟನೇತ್ತ. ಇಕಿ ಹತ್ತ ದಾಟಬೇಕ್ರಿ. ಅಷ್ಟು ನೋಡಿ ನಾ ಕಣ್ಣ ಮುಚ್ಚಾಕ ತಯಾರ."

ಮೆಹನಾಜ ಒಂಬತ್ತಕ್ಕೆ ಬಂದಳು. ಜುಲೈ ತಿಂಗಳಲ್ಲಿ ಒಂದು ದಿನ, ಶಾಲೆ ಬಿಟ್ಟ ಮೇಲೆ, ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತೇ ಇದ್ದಳು. ಕೇಳಿದರೆ ಅಳು. ಮೇಲಿನ ಕೋಣೆಗಳಿಗೆ ಹೋಗುವ ಮೆಟ್ಟಿಲ ಬಳಿ ಹತ್ತನೆಯ ತರಗತಿಯ ಮೂವರು ದಿನಾ ನಿಲ್ಲುತ್ತಾರಂತೆ. ವೇಲ್ ಎಳೆಯುವುದು, ಹಿಂದಿನಿಂದ ಕೂಗುವುದು. ಈಗ ಅವಳ ಫೋಟೊ ತೆಗೆದು, ಅದರ ಕೆಳಗೆ ಹೊಲಸು ಮಾತು ಬರೆದು, ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದ್ದಾರೆ. ಮುಂದಾಳು ಹೊನ್ನೇಶ, ಜೊತೆಗೆ ನವಾಜ, ಇನ್ನೊಬ್ಬ. ಬೇರೆ ಯಾವುದಕ್ಕೂ ಒಂದಾಗದವರು ಇದಕ್ಕೆ ಮಾತ್ರ ಹೆಗಲ ಮೇಲೆ ಕೈ ಹಾಕಿಕೊಂಡು ನಿಲ್ಲುತ್ತಿದ್ದರು.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಅಬ್ಬಾಗ ತಿಳಿದ್ರ ಸಾಲಿ ಬಿಡಸ್ತಾರ್ರಿ."

"ಹುಚ್ಚಿ, ತಪ್ಪ ಮಾಡಿದವರು ಅವರು. ನಿನ್ನ ಯಾಕ ಬಿಡಸ್ತಾರ? ಬರದು ಕೊಡು. ನಿಮ್ಮ ಮನಿಗೆ ತಿಳಿಯೂದಿಲ್ಲ. ನಾ ಅದೀನಿ."

"ನಾನಿಗೂ ತಿಳಿಯೂದಿಲ್ಲ?" ಎಂದಳು, ಅಜ್ಜಿಯನ್ನು ನೆನೆದು.

"ನಾನಿಗೂ ತಿಳಿಯೂದಿಲ್ಲ."

ಅಲ್ಲೇ ಕೂತು ಒಂದು ಹಾಳೆಯ ತುಂಬ ಬರೆದುಕೊಟ್ಟಳು. ಅಕ್ಷರ ಮುತ್ತಿನಂತಿದ್ದವು.

ಹಾಳೆ ಮುಖ್ಯೋಪಾಧ್ಯಾಯರ ಕೈಗೆ, ಅಲ್ಲಿಂದ ಆಡಳಿತ ಮಂಡಳಿಗೆ ಹೋಯಿತು. ಮಂಡಳಿಯ ಅಧ್ಯಕ್ಷರು ಹೊನ್ನೇಶನ ಸೋದರಮಾವ. ಸಭೆಗೆ ನನ್ನನ್ನೂ ಕರೆದರು. ಹುಡುಗರನ್ನು ಕರೆಸುತ್ತಾರೆ, ತಂದೆತಾಯಿಗಳನ್ನು ಕೂರಿಸಿ ಮಾತಾಡುತ್ತಾರೆ ಎಂದು ನಾನು ಕಾದೆ. ಅಧ್ಯಕ್ಷರು ಚಹಾ ಗುಟುಕರಿಸಿ, "ಹುಡುಗ್ರ ವಯಸ್ಸ ಹಂತಾದ್ದು. ಎಸ್ಸೆಲ್ಸಿ ವರ್ಷ ಬ್ಯಾರೆ. ಅವರ ಭವಿಷ್ಯ ಹಾಳಾಗಬಾರದು" ಎಂದರು. ಹುಡುಗಿಗೂ ಒಂದು ಭವಿಷ್ಯ ಇದೆ ಎಂಬುದು ಆ ಕೋಣೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಮುಖ್ಯೋಪಾಧ್ಯಾಯರು, "ಹುಡುಗ್ಯಾರ ಡ್ರೆಸ್ಸಿನಾಗ ಒಂದು ಶಿಸ್ತು ತಂದ್ರ ಈ ಸಮಸ್ಯಾನ ಬರೂದಿಲ್ಲ" ಎಂದರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಎಲ್ಲ ಹುಡುಗಿಯರಿಗೂ ಚೂಡಿದಾರದ ಮೇಲೆ ಮೊಣಕಾಲು ಮುಟ್ಟುವ ಕೋಟು.

ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟೇ ಆಗಿದ್ದರೂ ಬೇರೆ ಮಾತು. ಬಣ್ಣ ಯಾವುದಿರಲಿ ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿ ಕೇಳಿದಾಗ, "ನೀಲಿ ಇರಲಿ ಸರ" ಎಂದೆ. ಥೂ ನನ್ನ ಬಾಳಿಗೆ!

ಕೋಟು ಹೊಲಿಯುವ ಕೆಲಸ ದಿಲಶಾದಬಿಗೆ ಬಂತು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಅಳತೆ ಬಾಕಿ ಇದ್ದ ಹುಡುಗಿಯರ ಹೆಸರಿನ ಪಟ್ಟಿ ಕೊಡಲು ಅವರ ಮನೆಗೆ ಹೋದೆ. ಮನೆ ತುಂಬ ನೀಲಿ ಬಟ್ಟೆ, ಕಾಲಿಡಲು ಜಾಗವಿಲ್ಲ. ಮೆಹನಾಜ ಗೋಡೆಗೆ ಒರಗಿ ಕೂತು ಕೋಟುಗಳಿಗೆ ಗುಂಡಿ ಹಚ್ಚುತ್ತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಬರ್ರಿ ಅಕ್ಕಾರ, ಕುಂಡ್ರಿ. ಹಿಂತಾ ಸೆಕಿಯಾಗ ಕೋಟ ಯಾಕ ಬೇಕಾತ್ರಿ ಕೂಸುಗೋಳಿಗೆ? ಯಾವಕಿನೋ ಕಂಪ್ಲೇಂಟ್ ಕೊಟ್ಟಾಳಂತ ಖರೇನೇನ್ರಿ? ಹುಡುಗ್ಯಾರು ಅಳತಿ ಕೊಡಾಕ ಬಂದಾಗೆಲ್ಲಾ ಆಕಿನ್ನ ಬೈತಾರ. ಆಕಿ ಬಾಯಿ ಸೇದಿ ಹೋಗಲಿ, ಸುಮ್ಮನ ಇರಾಕ ಏನಾಗಿತ್ತಂತ?"

ಮೆಹನಾಜ ದಾರವನ್ನು ಹಲ್ಲಿನಿಂದ ಕಡಿದಳು. ಇನ್ನೊಂದು ಕೋಟು ತೊಡೆಯ ಮೇಲೆ ಎಳೆದುಕೊಂಡಳು. ನಾನು ಚಹಾ ಕುಡಿದೆ. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಇಳಿಯಿತು. ಆಗಲೇ ಹೇಳಿದ್ದರೆ, ಅಜ್ಜಿ ಏನಾದರೂ ಹಂಚಿಕೆ ಹಾಕುತ್ತಿದ್ದರೇನೋ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎದ್ದು ಹೊರಟಾಗ ದಿಲಶಾದಬಿ ಒಂದು ಕೋಟು ಎತ್ತಿ, ಒಳಗನ್ನು ಹೊರಗೆ ತಿರುಗಿಸಿ ತೋರಿಸಿದರು. "ಇದು ನಮ್ಮಾಕಿಂದರಿ. ಎಲ್ಲಾರಿಗೂ ಎರಡ ಬೆರಳ, ಇಕಿಗೆ ನಾಕ ಬೆರಳ ಬಿಟ್ಟೀನಿ. ಅವರವ್ವನಂಗ ಉದ್ದ ಆಗ್ತಾಳಿಕಿ. ಮುಂದಿನ ವರ್ಷದ ಪರೀಕ್ಷಾ ಮುಗಿಯೂ ಮಟಾ ಬರಬೇಕು."

ಸೆಪ್ಟೆಂಬರ್ ಮೊದಲ ವಾರ ಮುಖ್ಯೋಪಾಧ್ಯಾಯರು, ಎಲ್ಲಾ ಸುಸೂತ್ರವಾಗಲಿ ಎಂದೋ ಏನೋ, ದಾಖಲಾತಿ ಪುಸ್ತಕ ತೆಗೆದು ಮೆಹನಾಜಳ ಪಾಲಕರಿಗೆ ಫೋನ್ ಮಾಡಿದರು. ಪುಸ್ತಕದಲ್ಲಿ ಇದ್ದದ್ದು ಲಕ್ಷ್ಮೇಶ್ವರದ ಶೇಖಸಾಬನ ನಂಬರು. ನಾನು ಆ ಪುಸ್ತಕವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ನಿಮ್ಮ ಮಗಳಿಗೆ ಹುಡುಗರಿಂದ ತೊಂದರೆಯಾಗಿದೆ ಎಂದು ದೂರು ಬಂದಿತ್ತು, ಇನ್ನು ಮುಂದೆ ಅವಳ ಡ್ರೆಸ್ಸು, ನಡತೆ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿದರಂತೆ. ಆ ಮೂವರು ಹುಡುಗರ ಮನೆಗೆ ಒಂದು ಕರೆಯೂ ಹೋಗಲಿಲ್ಲ.

ಮರುದಿನ ಹನ್ನೊಂದರ ಹೊತ್ತಿಗೆ ಶೇಖಸಾಬ ಶಾಲೆಗೆ ಬಂದ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅಂಗಿಯ ತುಂಬ ಅರಳೆಯ ಎಳೆ ಅಂಟಿಸಿಕೊಂಡು, ಕೆಲಸ ಬಿಟ್ಟು ಎದ್ದು ಬಂದವನು, ಮೆತ್ತಗೆ ಮಾತಾಡಿದ.

"ನಂಗ ಸಿಟ್ಟಿಲ್ರಿ ಅಕ್ಕಾರ. ಅಂಜಿಕಿ ಐತಿ. ನಾ ಒಂದ ಕೇಳತೀನಿ, ಆ ಹುಡುಗ್ರ ಅಪ್ಪಗೋಳಿಗೂ ಹಿಂಗ ಫೋನ್ ಮಾಡೀರೇನ್ರಿ?"

ನಾನು ಮುಖ್ಯೋಪಾಧ್ಯಾಯರ ಕೋಣೆಯ ಕಡೆ ನೋಡಿದೆ.

"ಗೊತ್ತಾತು ಬಿಡ್ರಿ" ಎಂದ. "ಅವರನ್ನ ಹಿಡಿಯಾಕ ನಿಮ್ಮ ಕೈಲೆ ಆಗೂದಿಲ್ಲ. ಮತ್ತ ನಾ ನನ್ನ ಮಗಳನ್ನ ಇಲ್ಲಿ ಹೆಂಗ ಬಿಡಲಿ?"

ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದ ಮನುಷ್ಯ, ಕಡೆಗೆ ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಾನು ಕೈ ಮುಗಿದು ಬೇಡಿಕೊಂಡೆ. ಇನ್ನೊಂದೂವರೆ ವರ್ಷ ಬಿಡಿ, ದಿನಾ ನಾನೇ ಮನೆಗೆ ಮುಟ್ಟಿಸುತ್ತೇನೆ ಎಂದೆ. ಅವನು ಇಲ್ಲವೆಂದು ತಲೆಯಾಡಿಸಿದ. ಮೆಹನಾಜ ಚೀಲ ಹೆಗಲಿಗೆ ಹಾಕಿಕೊಂಡು ತಂದೆಯ ಹಿಂದೆ ನಡೆದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಸಂಜೆಯ ಗಂಟೆಗೆ ಮೊದಲೇ, ಅಳಿಯ ಮತ್ತು ಮೊಮ್ಮಗಳ ಬಾಯಿಂದ ಎಲ್ಲ ತಿಳಿದ ದಿಲಶಾದಬಿ ಕೊನೆಯ ಗಂಟು ಕೋಟುಗಳನ್ನು ತಲೆಯ ಮೇಲೆ ಹೊತ್ತುಕೊಂಡು ಬಂದರು. ಆಟೋ ಕೂಡ ಮಾಡಿರಲಿಲ್ಲ. ಮುಖ್ಯೋಪಾಧ್ಯಾಯರ ಟೇಬಲ್ ಮೇಲೆ ಗಂಟನ್ನು ಇಳಿಸಿದರು. ನಾನೂ ಹಿಂದೆಯೇ ಒಳಗೆ ಹೋದೆ.

"ಸರ, ಹುಡುಗ್ಯಾರಿಗೆ ಕೋಟ ಹೊಲದ ಕೊಟ್ಟೆ. ಹುಡುಗ್ರಿಗೆ ಏನ ಹೊಲಿಲಿ, ಹೇಳ್ರಿ."

"ಅವರ ಡ್ರೆಸ್ ಇದ್ದಂಗ ಇರತೈತಮ್ಮಾ" ಎಂದರು ಅವರು, ಅರ್ಥವಾಗದೆ.

"ಡ್ರೆಸ್ ಅಲ್ರಿ. ಕಣ್ಣಿಗೆ ಪಟ್ಟಿ ಹೊಲಿಲೋ? ಬಾಯಿಗೆ ಹೊಲಿಗಿ ಹಾಕಲೋ? ಕೈ ಇಟ್ಟಲ್ಲಿ ಇರಾಕ ಚೀಲ ಹೊಲಿಲೋ? ಮೂರೂ ಮಂದೀನ ಕರಸ್ರಿ, ಅಳತಿ ತಗೋತೀನಿ. ಟೇಪ ತಂದೀನಿ."

ನಿಜವಾಗಿಯೂ ಕೊರಳಲ್ಲಿ ಅಳತೆಯ ಟೇಪು ಇತ್ತು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಹಂಗೆಲ್ಲಾ ಮಾತಾಡಬಾರದಮ್ಮಾ. ಸಾಲಿ ಮರ್ಯಾದಿ ಪ್ರಶ್ನಾ ಐತಿ" ಎಂದರು.

ದಿಲಶಾದಬಿ ಅಲ್ಲಿ ಅಳಲಿಲ್ಲ. ಹೊರಗೆ ಬಂದು, ನೀರಿನ ನಲ್ಲಿಯ ಕಟ್ಟೆಯ ಮೇಲೆ ಕೂತು ಅತ್ತರು. "ಆರ ದಿನ ನನ್ನ ಬಾಜೂ ಕುಂತು ಗುಂಡಿ ಹಚ್ಚಿದಳಲ್ರಿ ಅಕ್ಕಾರ. ನಾ ಆಕಿನ್ನ ಬೈಕೋತ ಕುಂತೆ. ಬಾಯಿ ಸೇದಿ ಹೋಗಲಿ ಅಂದೆ. ನೀವೂ ಅಲ್ಲೇ ಕುಂತಿದ್ರಿ. ಒಂದ ಮಾತ ಹೇಳಬೇಕಿತ್ತಲ್ರಿ." ಇಡೀ ಜನ್ಮದಲ್ಲಿ ನನ್ನನ್ನು ಯಾರೂ ಅಷ್ಟು ಮೆಲ್ಲಗೆ ಬೈದಿಲ್ಲ. ಎದ್ದು ಹೋಗುವಾಗ ಗಂಟಿನಿಂದ ಬೇರೆಯಾಗಿ ಇಟ್ಟಿದ್ದ ಒಂದು ಕೋಟನ್ನು ನನ್ನ ಮಡಿಲಿಗೆ ಹಾಕಿದರು. "ಯಾರಿಗರೆ ಕೊಡ್ರಿ. ಮನ್ಯಾಗ ಇದ್ರ ನಂಗ ನೋಡಾಕ ಆಗೂದಿಲ್ಲ."

ಮೆಹನಾಜ ಈಗ ಲಕ್ಷ್ಮೇಶ್ವರದಲ್ಲಿ ತಂದೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡ ಸೂಜಿಯಿಂದ ಗಾದಿಗಳಿಗೆ ಟಾಕು ಹಾಕುತ್ತಾಳೆ. ಒಮ್ಮೆ ಹೋಗಿ ಬಂದೆ. ಶಾಲೆಯ ಸುದ್ದಿ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮೂವರು ಹುಡುಗರೂ ಅದೇ ಶಾಲೆಯಲ್ಲಿ, ಅದೇ ಬೆಂಚಿನಲ್ಲಿ. ಹೊನ್ನೇಶ ಎದುರಾದರೆ, "ನಮಸ್ಕಾರ್ರಿ ಅಕ್ಕಾರ" ಎನ್ನುತ್ತಾನೆ, ಬಲು ವಿನಯದಿಂದ.

ದಿಲಶಾದಬಿ ಇನ್ನೂ ಹೊಲಿಯುತ್ತಾರೆ. ಹೊಟ್ಟೆ ಕೇಳಬೇಕಲ್ಲ. ಆದರೆ ಈಗ ಒಳಗೆ ಬಟ್ಟೆ ಬಿಡುವುದಿಲ್ಲ. ಅಳತೆಗೆ ಸರಿಯಾಗಿ ಕತ್ತರಿಸಿ ಮುಗಿಸುತ್ತಾರೆ. ಯಾರೋ ತಾಯಿ ಕೇಳಿದಳಂತೆ, ಮೊದಲಿನ ಹಾಗೆ ಎರಡು ಬೆರಳು ಯಾಕೆ ಬಿಟ್ಟಿಲ್ಲ ಎಂದು. "ಈ ವರ್ಷದ್ದು ಈ ವರ್ಷಕ್ಕ. ಮುಂದಿನ ವರ್ಷ ಹುಡುಗಿ ಸಾಲಿಗೆ ಬರ್ತಾಳೋ ಇಲ್ಲೋ ಯಾರಿಗೆ ಗೊತ್ತವಾ" ಎಂದರಂತೆ.

ಆ ಕೋಟನ್ನು ನಾನು ನಾಗಾವಿಯಿಂದ ಬಸ್ಸಿನಲ್ಲಿ ಬರುವ, ಇನ್ನೂ ಕೋಟು ಹೊಲಿಸಿರದ ಎಂಟನೆಯ ತರಗತಿಯ ಸೀಮಾಗೆ ಕೊಟ್ಟಿದ್ದೆ. ಅವಳಿಗೆ ಅದು ಮೊಣಕಾಲು ದಾಟಿ ಇಳಿಯುತ್ತಿತ್ತು. ಫೆಬ್ರುವರಿಯ ಬಿಸಿಲಿನಲ್ಲಿ ಒಂದು ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಅವಳು ನಲ್ಲಿಯ ಬಳಿ ನಿಂತು ಮತ್ತೆ ಮತ್ತೆ ಮುಖ ತೊಳೆಯುತ್ತಿದ್ದಳು. ಕೋಟಿನ ಒಂದು ತೋಳು ಹೆಗಲ ಹತ್ತಿರ ಹರಿದು ಜೋತಾಡುತ್ತಿತ್ತು. ಮೆಟ್ಟಿಲ ಬಳಿ ನಾಲ್ಕೈದು ಹುಡುಗರು ನಗುತ್ತಿದ್ದರು. ಈ ಸಲ ಹೊಸ ಮುಖಗಳೂ ಇದ್ದವು.

"ಯಾರು?" ಎಂದೆ.

"ಏನಿಲ್ರಿ ಅಕ್ಕಾರ. ಬಿದ್ದೆ."

"ಬಿದ್ರ ತೋಳ ಹಿಂಗ ಹರಿಯೂದಿಲ್ಲ. ಹೆಸರ ಹೇಳು. ಅಂಜಬ್ಯಾಡ, ನಾ ಅದೀನಿ."

ಆ ಪುಟ್ಟ ಹುಡುಗಿ ಒದ್ದೆ ಮುಖವೆತ್ತಿ ನನ್ನನ್ನು ನೋಡಿದಳು.

"ಮೆಹನಾಜಕ್ಕಗೂ ನೀವು ಇದನ್ನ ಅಂದಿದ್ರಂತಲ್ರಿ" ಎಂದಳು.

ಹರಿದ ತೋಳನ್ನು ಹೆಗಲ ಮೇಲೆ ಎಳೆದುಕೊಂಡಳು. ಮೆಹನಾಜ ಹಚ್ಚಿದ ಗುಂಡಿಗಳನ್ನು ಕೊರಳಿನವರೆಗೆ ಒಂದೊಂದಾಗಿ ಹಾಕಿಕೊಂಡು, ಅದೇ ಮೆಟ್ಟಿಲು ಹತ್ತಿ ತರಗತಿಗೆ ಹೋದಳು.