ರಾಚವ್ವನ ಖಾಲಿ ಬೀಡಿಗಳು

ರಾಚವ್ವ ಮೊದಲ ಸಲ ಸುಗಂಧಿಯ ಜಗಲಿಗೆ ಬಂದದ್ದು ಒಂದು ಮಂಗಳವಾರ, ಹತ್ತು ಗಂಟೆಯ ಕಾರ್ಕಳ ಬಸ್ಸು ಹೋದ ಮೇಲೆ. ಅವಳ ಗಂಡ ಮಾನಪ್ಪ ಕುಷ್ಟಗಿ ಕಡೆಯವನು, ಗಾರೆ ಕೆಲಸದವನು. ಬೆಳ್ಮಣ್ಣಿನಲ್ಲಿ ಕಟ್ಟಡದ ಕೆಲಸ ಸಿಕ್ಕಿ, ಸುಗಂಧಿಯ ಮನೆಯ ಹಿಂದಿನ ಬಾಡಿಗೆ ಕೋಣೆಗೆ ಅವರು ಬಂದು ನಾಲ್ಕು ದಿನವಾಗಿತ್ತು. ರಾಚವ್ವನ ತೋಳಿನಲ್ಲಿ ಮೂರು ತಿಂಗಳ ಹೆಣ್ಣು ಕೂಸು, ಶಿಲ್ಪಾ.

ಸುಗಂಧಿ ಬೀಡಿ ಕಟ್ಟುತ್ತಿದ್ದಳು. ರಾಚವ್ವ ಮೆಟ್ಟಿಲಿನ ಮೇಲೆ ಕೂತು ಬಹಳ ಹೊತ್ತು ಅವಳ ಕೈಯನ್ನೇ ನೋಡಿದಳು.

"ಅಮ್ಮಾರ, ಇದನ್ನ ನನಗೂ ಕಲಸ್ತೀರೇನ್ರಿ?"

"ಬೆನ್ನು ಹೋಗ್ತದೆ ಮಾರಾಯ್ತಿ."

"ನನ್ನ ಬೆನ್ನ ಮೊದ್ಲ ಹೋಗೇತ್ರಿ. ಇಟ್ಟಂಗಿ ಹೊತ್ತ ಹೊತ್ತ."

ಸುಗಂಧಿ ನಕ್ಕು ಚಾಪೆಯ ಒಂದು ಬದಿ ಬಿಟ್ಟುಕೊಟ್ಟಳು. ಗಂಡ ತೀರಿಕೊಂಡು ಇಪ್ಪತ್ತಾರು ವರ್ಷವಾಗಿತ್ತು. ಅಷ್ಟೂ ವರ್ಷ ಆ ಚಾಪೆಯಲ್ಲಿ ಅವಳೊಬ್ಬಳೇ. ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಹುಡಿ ತುಂಬುವುದು, ಸುತ್ತುವುದು, ನೂಲು ಕಟ್ಟುವುದು, ಬಾಯಿ ಮಡಚುವುದು. ಹದಿನೈದು ದಿನದಲ್ಲಿ ರಾಚವ್ವನ ಕೈ ಪಳಗಿತು. ಮೂರು ವಾರಕ್ಕೆ ಅವಳ ಬೀಡಿಗೂ ಸುಗಂಧಿಯ ಬೀಡಿಗೂ ಭೇದ ಕಾಣದಾಯಿತು.

ಒಂದು ಭೇದ ಮಾತ್ರ ಇತ್ತು. ಅದನ್ನು ಮೊದಲು ಕಂಡದ್ದು ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ಅವನ್ನು ಪರೀಕ್ಷಿಸುವ ಚೆಕ್ಕರ್ ಶೇಖರ. ಕಟ್ಟಿನಿಂದ ಒಂದು ಬೀಡಿ ಎತ್ತಿ ಬೆಳಕಿಗೆ ಹಿಡಿದು ಕೇಳಿದ: "ಎಂತ ಸುಗಂಧಕ್ಕ, ಇದನ್ನು ಎಳೆಯುವವನು ಗಾಳಿ ಎಳೆಯಬೇಕಾ?"

ಬೀಡಿಯ ಸುತ್ತು ಅಂದವಾಗಿತ್ತು. ನೂಲು ಬಿಗಿಯಾಗಿತ್ತು. ಒಳಗೆ ಹುಡಿಯೇ ಇರಲಿಲ್ಲ.

ಆ ವಾರ ಅಂಥವು ಮೂರು ಸಿಕ್ಕವು. ಸುಗಂಧಿ ಬೈಯಲಿಲ್ಲ. ಬೈಯುವ ಮೊದಲು ನೋಡಬೇಕು ಅಂದುಕೊಂಡು ತನ್ನ ಚಾಪೆಯನ್ನು ರಾಚವ್ವನ ಎದುರಿಗೆ ತಿರುಗಿಸಿಕೊಂಡಳು. ನಾಲ್ಕನೆಯ ದಿನ ಕಂಡಿತು. ಮಾತಾಡುತ್ತಿದ್ದ ರಾಚವ್ವ ಅರ್ಧದಲ್ಲಿ ನಿಂತಳು. ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ತುಟಿ ಏನೋ ಸವಿಯುವ ಹಾಗೆ ಎರಡು ಸಲ ಆಡಿತು. ಕೈ ಮಾತ್ರ ನಿಲ್ಲಲಿಲ್ಲ. ಎಲೆ ಎತ್ತಿತು, ಸುತ್ತಿತು, ಕಟ್ಟಿತು. ಹುಡಿಯ ಕಡೆಗೆ ಹೋಗಲೇ ಇಲ್ಲ. ಅಷ್ಟರಲ್ಲಿ ಸುಗಂಧಿ ಎರಡು ಬೀಡಿ ಕಟ್ಟಿ ಮೂರನೆಯದಕ್ಕೆ ಎಲೆ ಹಿಡಿದಿದ್ದಳು. ಆಮೇಲೆ ರಾಚವ್ವ ಕಣ್ಣು ಮಿಟುಕಿಸಿ, "ಏನಂದ್ರಿ?" ಎಂದಳು.

"ನಾನು ಎಂತದೂ ಹೇಳಲಿಲ್ಲ. ನೀನು ಎಲ್ಲಿಗೆ ಹೋಗಿದ್ದಿ?"

ರಾಚವ್ವ ತಲೆ ತಗ್ಗಿಸಿದಳು. "ಸಣ್ಣಾಕಿದ್ದಾಗಿಂದ ಹಿಂಗರಿ. ಊರಾಗ ಖಬರಿಲ್ಲದಾಕಿ ಅಂತಿದ್ರು."

ಕೂಸಿಗೆ ಎಂಟು ತಿಂಗಳಾದಾಗ ದೊಡ್ಡದು ಬಂತು. ಹಾಲು ಕುಡಿಸುತ್ತ ಕೂತವಳು ಬಲಕ್ಕೆ ತಿರುಚಿಕೊಂಡು ಬಿದ್ದಳು, ಮೈಯೆಲ್ಲ ಅದುರಿತು. ಕೂಸು ತೊಡೆಯಿಂದ ಉರುಳಿ ಹಣೆ ಒಡೆದುಕೊಂಡಿತು. ಮಾನಪ್ಪ ಮನೆಯಲ್ಲೇ ಇದ್ದ. ಕಾರ್ಕಳಕ್ಕೆ ಒಯ್ದರು, ಅಲ್ಲಿಂದ ಮಣಿಪಾಲಕ್ಕೆ. ಇದು ಅಪಸ್ಮಾರ, ದಿನಾ ಎರಡು ಹೊತ್ತು ಗುಳಿಗೆ ತಪ್ಪಬಾರದು ಅಂದರು. ಬಸ್ಸಿನಲ್ಲಿ ಮರಳುವಾಗ ಮಾನಪ್ಪ ಒಂದೇ ಮಾತು ಹೇಳಿದ: "ಇನ್ನೊಮ್ಮೆ ಬಂತಂದ್ರ ಕೂಸಿನ್ನ ಊರಿಗೆ ಕಳಸ್ತೀನಿ. ನಮ್ಮವ್ವ ಸಾಕ್ತಾಳ."

ದೊಡ್ಡದು ಮತ್ತೆ ಬರಲಿಲ್ಲ. ಸಣ್ಣದು ನಿಲ್ಲಲಿಲ್ಲ. ಅದು ಗೊತ್ತಿದ್ದದ್ದು ಇಬ್ಬರಿಗೇ.

ಸುಗಂಧಿಗೆ ಬರೆಯಲು ಬರುತ್ತಿದ್ದದ್ದು ಹೆಸರು ಮಾತ್ರ. ಆದರೆ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಖಾಲಿ ಬೀಡಿ ಬಂದ ದಿನ ಆ ದಿನದ ಹಾಳೆ ಹರಿದು, ಬೀಡಿಯನ್ನು ಅದರಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು.

"ಒಗದ ಬಿಡ್ರಿ ಅಮ್ಮಾರ," ಎನ್ನುತ್ತಿದ್ದಳು ರಾಚವ್ವ. "ಯಾಕ ಇಡ್ತೀರಿ? ಅವ್ರ ಕಣ್ಣಿಗೆ ಬಿದ್ರ?"

"ಬಿಸಾಡಿದರೆ ಬರುವುದು ನಿಲ್ತದಾ?"

ಮಾನಪ್ಪ ಕೆಲಸದಿಂದ ಬಂದು ಅಂಗಳ ದಾಟುವಾಗೆಲ್ಲ ಸುಗಂಧಿ ಡಬ್ಬಿಯನ್ನು ಸೆರಗಿನಡಿ ಸರಿಸುತ್ತಿದ್ದಳು. ರಾಚವ್ವ ಬಾವಿಗೆ ಹೋದರೆ ಇವಳೂ ಏನೋ ನೆಪ ಹಿಡಿದು ಹೋಗುವಳು. ಅಲ್ಲಿ ಒಲೆ ಹತ್ತಿದರೆ ಇಲ್ಲಿಂದ ಎದ್ದು ಹೋಗಿ ಇಣುಕುವಳು.

ಹೀಗಿರುವಾಗ ಮಣಿಪಾಲದ ಆಸ್ಪತ್ರೆಯಿಂದ ಚೈತಾಲಿ ಎಂಬ ಹುಡುಗಿ ಫೋನು ಮಾಡಿದಳು. ಅಪಸ್ಮಾರ ಇರುವವರ ಮಿದುಳಿನ ಬಗ್ಗೆ ಅವಳು ಸಂಶೋಧನೆ ಮಾಡುತ್ತಿದ್ದಳು. ರಾಚವ್ವ ಒಪ್ಪಿದರೆ ಸೇರಬಹುದು. ಅವಳನ್ನು ಹಗಲು ಹೊತ್ತು ನೋಡುವವರು ಒಬ್ಬರು ಜೊತೆಗೆ ಬೇಕು. ಅಪಸ್ಮಾರ ಬಂದ ದಿನಗಳ ತಾರೀಕು ಇರುವುದು ಏನಾದರೂ ಇದ್ದರೆ ತರಬೇಕು. "ಅಮ್ಮಾರ ದಿನಾ ನೋಡ್ತಾರ್ರಿ," ಎಂದ ಮಾನಪ್ಪ.

ಸುಗಂಧಿ ಡಬ್ಬಿಯನ್ನು ಚೀಲದ ತಳಕ್ಕೆ ಹಾಕಿಕೊಂಡಳು. ತೆಗೆಯುವುದೋ ಬಿಡುವುದೋ ಅವಳಿಗೇ ಗೊತ್ತಿರಲಿಲ್ಲ. ರಾಚವ್ವ, ಮಾನಪ್ಪ ಮುಂದೆ ಹೋದರು. ಆಸ್ಪತ್ರೆಯ ಬಾಗಿಲಿನಲ್ಲಿ ಕಾವಲಿನವನು ಚೀಲ ತಡಕಿದ.

"ಅಜ್ಜಿ, ಬೀಡಿ ಒಳಗೆ ಬಿಡುವ ಹಾಗಿಲ್ಲ."

"ಬಿಚ್ಚಿ ನೋಡು ಮಾರಾಯ. ಅದರಲ್ಲಿ ಹುಡಿಯೇ ಇಲ್ಲ."

ಅವನು ಒಂದನ್ನು ಬಿಚ್ಚಿ ನೋಡಿದ. "ಹಾಗಾದರೆ ಇದು ಎಂತಕ್ಕೆ?"

"ಲೆಕ್ಕಕ್ಕೆ," ಎಂದಳು ಸುಗಂಧಿ.

ಚೈತಾಲಿ ಮೂವರನ್ನೂ ಕೂರಿಸಿ ವಿವರಿಸಿದಳು. "ನಾವು ಸುಮ್ಮನೆ ಇದ್ದಾಗಲೂ ತಲೆಯೊಳಗಿನ ಜಾಗಗಳು ಒಂದಕ್ಕೊಂದು ಮಾತಾಡಿಕೊಂಡೇ ಇರ್ತವೆ. ಅಪಸ್ಮಾರ ಇರುವವರಲ್ಲಿ ಯಾವುದು ಯಾವುದರ ಹತ್ತಿರ ಮಾತು ಕಡಿಮೆ ಮಾಡಿದೆ, ಯಾವುದು ಅತಿ ಮಾಡಿದೆ ಅಂತ ಚಿತ್ರ ತೆಗೆದು ನೋಡ್ತೇವೆ. ಇದರಿಂದ ಇವರಿಗೆ ಕೂಡಲೇ ಗುಣ ಆಗ್ತದೆ ಅಂತ ಅಲ್ಲ."

ಸುಗಂಧಿಗೆ ತನ್ನ ಓಣಿಯಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಎರಡು ಮನೆಗಳು ನೆನಪಾದವು. ಗೋಡೆ ಒಂದೇ, ಮಾತಿಲ್ಲ. ಆಚೆಯ ಮನೆಯ ಸುದ್ದಿ ಈಚೆಗೆ ಬರಬೇಕಾದರೆ ಪೇಟೆ ಸುತ್ತಿ ಬರಬೇಕು.

"ಮೂರು ತಿಂಗಳಲ್ಲಿ ಎಷ್ಟು ಸಲ ಬಂದಿದೆ?" ಎಂದು ಕೇಳಿದಳು ಚೈತಾಲಿ.

"ಒಮ್ಮೆನೂ ಇಲ್ರಿ," ಎಂದಳು ರಾಚವ್ವ. ಮಾನಪ್ಪ ಹೌದೆಂದು ತಲೆಯಾಡಿಸಿದ.

ಚೈತಾಲಿ ಬರೆದುಕೊಂಡಳು. ಆ ಪೆನ್ನು ಕಾಗದದ ಮೇಲೆ ಓಡುವುದನ್ನು ನೋಡಿ ಸುಗಂಧಿ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುವ ಕ್ರಮ. ಸುಗಂಧಿಯ ಸರದಿ ಬಂದಾಗ ರಾಚವ್ವ ಬಾಗಿಲಲ್ಲಿ ಅವಳ ಸೆರಗು ಹಿಡಿದಳು. "ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಒಳಗೆ ಸುಗಂಧಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು: "ಇಲ್ಲ ಅಂತ ಬರೆದರೆ ಎಂತ ಆಗ್ತದೆ?"

"ಗುಳಿಗೆಯಲ್ಲಿ ಹತೋಟಿಗೆ ಬಂದವರ ಪಟ್ಟಿಗೆ ಸೇರ್ತಾರೆ. ಡಾಕ್ಟರ್ ಗುಳಿಗೆ ಬದಲಿಸುವುದಿಲ್ಲ."

ಸುಗಂಧಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಮೂವತ್ತೊಂದು ಪೊಟ್ಟಣ. ಚೈತಾಲಿ ಒಂದೊಂದೇ ಬಿಚ್ಚಿ ತಾರೀಕು ಬರೆದಳು. "ಪ್ರತಿ ಸಲ ಎಷ್ಟು ಹೊತ್ತು?" ಎಂದಾಗ ಸುಗಂಧಿ, "ಎರಡು ಬೀಡಿಯಷ್ಟು. ಒಮ್ಮೊಮ್ಮೆ ಮೂರು," ಎಂದಳು. ಚೈತಾಲಿ ಫೋನಿನಲ್ಲಿ ಗಡಿಯಾರ ಓಡಿಸಿ, ಕಾಗದದ ತುಂಡು ಕೊಟ್ಟು ಸುತ್ತಿ ತೋರಿಸಲು ಹೇಳಿದಳು. ಮೂರು ಸಲ ಸುತ್ತಿದಳು. ಮೂವತ್ತೊಂದು ಸೆಕೆಂಡು, ಮೂವತ್ತು, ಮೂವತ್ತು.

"ಅಜ್ಜಿ, ನಿಮ್ಮಷ್ಟು ಸರಿಯಾಗಿ ಇಲ್ಲಿಯವರೆಗೆ ಯಾರೂ ಹೇಳಲಿಲ್ಲ."

ಸುಗಂಧಿಗೆ ಸಂತೋಷವಾಗಲಿಲ್ಲ. "ಗಂಡನಿಗೆ ಹೇಳ್ತೀರಾ?"

"ಇಲ್ಲ. ಡಾಕ್ಟರಿಗೆ ಹೇಳಲೇಬೇಕು. ಗಂಡನಿಗೆ ಹೇಳುವುದು ಬಿಡುವುದು ರಾಚವ್ವನದ್ದು."

ಬಸ್‌ಸ್ಟ್ಯಾಂಡಿನಲ್ಲಿ ಮಾನಪ್ಪ ನೀರು ತರಲು ಹೋದಾಗ ಚೈತಾಲಿಯಿಂದ ವಿಷಯ ತಿಳಿದಿದ್ದ ರಾಚವ್ವ ಇವಳ ಮುಖ ನೋಡದೆ ಹೇಳಿದಳು: "ನನ್ನ ಕೂಸು ಕಸಗೊಂಡ್ರಿ ಅಮ್ಮಾರ."

ಎಂಟು ದಿನ ಅವಳು ಜಗಲಿಗೆ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂಸು ಅತ್ತರೆ ಸುಗಂಧಿ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಅಳು ನಿಂತರೆ ಇನ್ನೂ ಹೆದರಿಕೆ.

ಒಂಬತ್ತನೆಯ ದಿನ, ಚಿತ್ರ ತೆಗೆಯುವ ದಿನ, ರಾಚವ್ವ ಮೆಟ್ಟಿಲಿಗೆ ಬಂದು ನಿಂತು "ಬರ್ರಿ" ಎಂದಳು, ಅಷ್ಟೇ. ಮಾನಪ್ಪನಿಗೆ ರಜೆ ಸಿಕ್ಕಿರಲಿಲ್ಲ. ಕೂಸನ್ನು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು.

ತಾಳಿ, ಕಾಲುಂಗುರ, ಪಿನ್ನು ಎಲ್ಲ ಬಿಚ್ಚಿ ರಾಚವ್ವ ಸುಗಂಧಿಯ ಸೆರಗಿಗೆ ಹಾಕಿದಳು. ಚೈತಾಲಿ ಅವಳ ಕೈಗೆ ಒತ್ತುವ ಗಂಟೆಯೊಂದನ್ನು ಕೊಟ್ಟಳು. "ಎಂಟು ನಿಮಿಷ ಕಣ್ಣು ತೆರೆದು ಅಲುಗಾಡದೆ ಮಲಗಬೇಕು. ಏನನ್ನೂ ಯೋಚಿಸುವುದು ಬೇಡ."

"ಕೈ ತಾನಾಗೇ ಆಡಿದ್ರ?"

"ಯಂತ್ರ ನಿಲ್ಲಿಸಿ ನಿಮ್ಮ ಹತ್ತಿರ ಬರ್ತೇವೆ."

ಬಾಗಿಲು ಮುಚ್ಚಿತು. ಗೋಡೆಯ ಆಚೆ ಯಂತ್ರ ಬಡಿಯತೊಡಗಿತು. ಸುಗಂಧಿ ಕೂಸನ್ನು ಅವಚಿಕೊಂಡು ಮನಸ್ಸಿನಲ್ಲೇ ಬೀಡಿ ಕಟ್ಟಿದಳು. ಎಂಟು ನಿಮಿಷಕ್ಕೆ ಹದಿನಾರು. ಹದಿನಾರಾಯಿತು, ಹದಿನೇಳಾಯಿತು, ಬಾಗಿಲು ತೆರೆಯಲಿಲ್ಲ. ಹತ್ತೊಂಬತ್ತರಲ್ಲಿ ರಾಚವ್ವ ಹೊರಗೆ ಬಂದಳು. ಕೈ ಆಡಿರಲಿಲ್ಲ. ಕೂಸನ್ನು ತೆಗೆದುಕೊಂಡು ಮೊದಲು ಅದರ ಹಣೆಯ ಹಳೆಯ ಕಲೆಯನ್ನು ಮುಟ್ಟಿ ನೋಡಿದಳು.

ಡಾಕ್ಟರು ಗುಳಿಗೆ ಹೆಚ್ಚಿಸಿದರು. ಮಾನಪ್ಪ ಚೀಟಿ ನೋಡಿ ಯಾಕೆಂದು ಕೇಳಿದ. ರಾಚವ್ವ ತಾನೇ ಹೇಳಿದಳು.

ಅವನು ಕೂಗಾಡಲಿಲ್ಲ. ಕಾಪುವಿನಲ್ಲಿ ಹೊಸ ಕೆಲಸ ಶುರುವಾಗಿದೆ, ಭಾನುವಾರ ಅಲ್ಲಿಗೆ ಮನೆ ಬದಲಿಸುವುದು, ಶುಕ್ರವಾರ ತನ್ನ ಅಣ್ಣ ಊರಿಗೆ ಹೋಗುವಾಗ ಕೂಸನ್ನು ಕೊಟ್ಟು ಕಳಿಸುವುದು ಎಂದ. "ಕಾಪುದಾಗ ನಿಮ್ಮಂಗ ಇಕಿನ್ನ ಯಾರ ನೋಡ್ತಾರ್ರಿ?"

"ಕಳಿಸುವ ಮೊದಲು ಎರಡು ದಿನ ನನ್ನ ಜಗಲಿಯಲ್ಲಿ ಕೂತು ಹೆಂಡತಿಯನ್ನು ನೋಡು," ಎಂದಳು ಸುಗಂಧಿ. "ಆಮೇಲೆ ನಿನ್ನಿಷ್ಟ."

ಬುಧವಾರ ಅವನು ಇಡೀ ದಿನ ಕೂತ. ಏನೂ ಬರಲಿಲ್ಲ. ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ರಾಚವ್ವ ಎಲೆ ಕತ್ತರಿಸಿ ಕತ್ತರಿ ಕೆಳಗಿಟ್ಟು ಸುತ್ತತೊಡಗಿದ್ದಳು. ತುಟಿ ಎರಡು ಸಲ ಆಡಿತು. ಕೂಸು ಅಂಬೆಗಾಲಿಟ್ಟು ಬಂದು ಅವ್ವನ ನೂಲು ಹಿಡಿದು ಎಳೆಯಿತು. ಮುಖ ನೋಡಿತು. ನಕ್ಕಿತು. ಉತ್ತರ ಬರಲಿಲ್ಲ. ಇನ್ನೊಮ್ಮೆ ನೋಡಿತು, ಆಮೇಲೆ ಕತ್ತರಿಯ ಕಡೆಗೆ ತಿರುಗಿತು. ಅದರ ಬೆರಳು ತಾಗುವಷ್ಟರಲ್ಲಿ ಸುಗಂಧಿ ಕಾಲಿನಿಂದ ಕತ್ತರಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತುವುದನ್ನು ಬಿಡಲಿಲ್ಲ. ಎರಡು ಬೀಡಿಯಾಯಿತು.

"ಈಗ ಬಂದು ಹೋಯಿತು," ಎಂದಳು.

"ಯಾವಾಗ್ರೀ? ನಾ ಇಲ್ಲೇ ಕುಂತೇನಲ್ರಿ!"

ಸುಗಂಧಿ ರಾಚವ್ವನ ಮುಂದಿದ್ದ ಮೊರದಂಥ ತಡ್ಪೆಯಿಂದ ಕೊನೆಯ ಬೀಡಿ ಎತ್ತಿ ಅವನ ಅಂಗೈಯಲ್ಲಿಟ್ಟಳು. ಮಾನಪ್ಪ ನೂಲು ಬಿಚ್ಚಿದ, ಎಲೆ ಬಿಡಿಸಿದ. ಖಾಲಿ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮನಿಯಾಗೂ ಹಿಂಗ ಕುಂತಿರ್ತಾಳ್ರಿ," ಎಂದ ಮೆಲ್ಲಗೆ. "ನಾ ಕೇಳಿದ್ದಕ್ಕ ಜವಾಬ ಕೊಡೂದಿಲ್ಲ. ಸೊಕ್ಕು ಅನಕೊಂಡಿದ್ದೆ. ಒಂದೆರಡ ಸಲ ಕೈನೂ ಎತ್ತೇನ್ರಿ."

ಅವನು ಅಂಗಳಕ್ಕೆ ಇಳಿದು ಅಣ್ಣನಿಗೆ ಫೋನು ಮಾಡಿದ. ಈ ಸಲ ಕೂಸು ಬರುವುದಿಲ್ಲ. ಕಾಪುವಿಗೆ ತಾನೊಬ್ಬನೇ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಮುಂದಿನ ತಿಂಗಳು ಡಾಕ್ಟರು ಏನನ್ನುತ್ತಾರೋ ನೋಡಿ ಮತ್ತೆ ಹೇಳುತ್ತಾನೆ. ಮುಂದಿನ ತಿಂಗಳು ಎಂದದ್ದು ಜಗಲಿಯವರೆಗೂ ಕೇಳಿತು.

ಸುಗಂಧಿ ಎದ್ದು ಆ ದಿನದ ಹಾಳೆ ಹರಿದಳು. ಅದರಲ್ಲಿ ಬಿಚ್ಚಿದ ಎಲೆಯನ್ನೇ ಮಡಚಿಟ್ಟಳು. ರಾಚವ್ವ ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಇಷ್ಟು ದಿನ ಅವಳು ಡಬ್ಬಿ ಬಿಸಾಡಿ ಎಂದೇ ಬೇಡಿಕೊಂಡಿದ್ದಳು. ಈಗ ತಾನೇ ಅದರ ಮುಚ್ಚಳ ತೆರೆದು ಹಿಡಿದಳು. ಕತ್ತರಿ ಮೊದಲು ಇದ್ದ ಜಾಗವನ್ನು ನೋಡಿದಳು, ಸುಗಂಧಿಯ ಕಾಲಿನ ಹತ್ತಿರ ಇದ್ದ ಕತ್ತರಿಯನ್ನು ನೋಡಿದಳು, ಆಮೇಲೆ ಸುಗಂಧಿಯ ಮುಖವನ್ನು.

"ಅಮ್ಮಾರ," ಎಂದು ಕೇಳಿದಳು, "ನಾ ಇಲ್ಲದಾಗ ಕೂಸು ಏನ್ ಮಾಡಾಕತ್ತಿತ್ರಿ?"