ಇನ್ನೊಮ್ಮೆ ನೋಡುವ
ಆ ಸರ್ಜನ್ ಬಾಯಿ ಒಂದು ಬದಿಗೆ ಎಳೆದುಕೊಂಡು ಯೋಚಿಸುವುದನ್ನು ವಾರ್ಡಿನಲ್ಲಿ ನಕಲು ಮಾಡಿ ನಗಿಸಿದ ಕೋಡಂಗಿ ನಾನೇ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅಕ್ಕನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಕೇಳಿಸುವಂತೆ ಮಾಡಲು ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಕಿವಿಯ ಹಿಂದೆ ಸಣ್ಣದೊಂದು ತೂತು ಸಾಕು, ಡ್ರಿಲ್ ಹೋಗುವ ದಾರಿಯನ್ನು ಕಂಪ್ಯೂಟರ್ ತೋರಿಸುತ್ತದೆ ಎಂದು ಸರ್ಜನ್ ಹೇಳಿದ್ದರು. ಆದರೂ ಸ್ಕ್ಯಾನ್ ಎದುರು ನಿಂತು, ಕನ್ನಡಕವನ್ನು ಮಣಿಕಟ್ಟಿನಿಂದ ಮೇಲೆ ತಳ್ಳಿ, "ಇನ್ನೊಮ್ಮೆ ನೋಡುವ" ಎನ್ನುವುದೇ ಅವರ ರೂಢಿ. ಆಪರೇಷನ್ ದಿನ ಮಗು ಹಸಿದು ಅಳುತ್ತಿದ್ದಾಗ, ಕಂಪ್ಯೂಟರ್ ತೋರಿಸುವ ಗುರುತು ಕೂದಲೆಳೆಯಷ್ಟು ಆಚೀಚೆ ಆಗುತ್ತಿದೆಯೆಂದು ಮರುದಿನಕ್ಕೆ ಮುಂದೂಡಿದರು.

ಸಿಟ್ಟಿನಲ್ಲಿ ನಾನು ಬಾಯಿ ಓರೆ ಮಾಡಿ, ಇಲ್ಲದ ಕನ್ನಡಕ ತಳ್ಳಿದೆ. "ಇನ್ನೊಮ್ಮೆ ನೋಡುವ. ಇವಳ ಮದುವೆ ಆಗಲಿ, ಮತ್ತೆ ಆಪರೇಷನ್ ಮಾಡುವ."

ಪಣಂಬೂರಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಭಾವ ಜೋರಾಗಿ ನಕ್ಕು, ತಟ್ಟನೆ ನಿಲ್ಲಿಸಿದರು. ಸರ್ಜನ್ ಬಾಗಿಲಲ್ಲೇ ನಿಂತಿದ್ದರು.

"ಇವನಿಗೆ ಎಂತ ಹೇಳುವುದು ಡಾಕ್ಟ್ರೇ, ಮಂಡೆ ಸರಿ ಇಲ್ಲ" ಎಂದಳು ಅಕ್ಕ.

ಅವರು ಬೈಯಲಿಲ್ಲ. ಮಗುವಿನ ಕೆನ್ನೆ ಒರೆಸಿ ನನ್ನತ್ತ ತಿರುಗಿದರು.

"ಮುಖದ ನರ ಡ್ರಿಲ್ ಹೋಗುವ ದಾರಿಯ ಪಕ್ಕದಲ್ಲೇ ಉಂಟು ಮಾರಾಯ. ನಿನ್ನ ಓರೆ ಬಾಯಿ ಈಗಲೇ ಸರಿಯಾಯ್ತು. ನನ್ನ ಕೈ ತಪ್ಪಿ ಇವಳ ಬಾಯಿ ಓರೆಯಾದರೆ ಮತ್ತೆ ಸರಿ ಆಗ್ಲಿಕ್ಕಿಲ್ಲ."