ಮಾಸ್ತರರ ಅವ್ವನ ಹಸಿರು ಸೀರಿ

ನಾನು ದೆವ್ವ-ಗಿವ್ವ ನಂಬಾಂವ ಅಲ್ಲ. ಇಂಥಾದ್ದು ಯಾರರೆ ಹೇಳಿದ್ರ, ಮೊದಲು ಹೇಳಾವನ ಮ್ಯಾಲೇ ನನಗ ಸಂಶೆ ಬರ್ತಿತ್ತು. ಸ್ಟುಡಿಯೋ ಇಟ್ಟಾಂವ ನಾನು. ಫೋಟೋದಾಗ ಏನೇನು ಮೋಸ ಮಾಡಬಹುದು ಅಂತ ನನಗಿಂತ ಚೊಲೋ ಯಾರಿಗೆ ಗೊತ್ತು?

ಐವತ್ತರ ದಶಕದ ಮಾತು. ಸ್ಟುಡಿಯೋ ಬೈಲಹೊಂಗಲದಾಗ ಇತ್ತು. ಹೂಲಿಯ ಸಾಲಿ ಮಾಸ್ತರರೊಬ್ಬರು ಒಂದು ಬಣ್ಣದ ರೋಲು, ಅದನ್ನ ತೊಳಿಯೋ ಔಷಧದ ಪುಡಿ ಹಿಡಕೊಂಡು ಬಂದ್ರು. ಎರಡೂ ಅವರ ಭಾವ ಮುಂಬೈಯಿಂದ ಕಳಿಸಿದ್ದು. ತಾಯಿಯ ಚಿತ್ರ ತಾವೇ ತಗದಿದ್ರು. ಬಣ್ಣದ ಫಿಲ್ಮಿಗೆ ಬೆಳಕು ಭಾಳ ಬೇಕು. ಇವರು ಕಪ್ಪು-ಬಿಳಿ ರೋಲಿಗೆ ಇಡೂಹಂಗ ಕ್ಯಾಮೆರಾ ಇಟ್ಟುಬಿಟ್ಟಿದ್ರು, ಚಿತ್ರ ಕತ್ತಲಾಗಿ ಬರೂದಿತ್ತು. ಆಮ್ಯಾಲ ತಾಯಿ ತೀರಿಕೊಂಡ್ರು. ಅವರದು ಬ್ಯಾರೆ ಒಂದು ಫೋಟೋನೂ ಇರಲಿಲ್ಲ.

“ಹೆಂಗರೆ ಮಾಡಿ ಅವ್ವನ ಮಾರಿ ಉಳಿಸಿಕೊಡ್ರಿ,” ಅಂದ್ರು.

ಇಂಥಾ ಫಿಲ್ಮನ್ನ ಮೊದಲನೇ ಔಷಧದಾಗ ಹೆಚ್ಚು ಹೊತ್ತು ಬಿಟ್ರ, ಕತ್ತಲದಾಗ ಮುಳುಗಿದ್ದು ಸ್ವಲ್ಪ ಮ್ಯಾಲೆ ಬರ್ತದ. ಬಣ್ಣ ಮಾತ್ರ ಕೆಡಬಹುದು. ಧೈರ್ಯ ಮಾಡಿ ಬಿಟ್ಟೆ. ಇದು ನೆಗೆಟಿವ್ ಅಲ್ಲ, ಫಿಲ್ಮಿನ ಮ್ಯಾಲೇ ನೇರ ಬಣ್ಣದ ಚಿತ್ರ ಮೂಡತದ. ಒಣಗಿದ ಮ್ಯಾಲ ಬೆಳಕಿಗೆ ಹಿಡದೆ. ಅಂಗೈ ಅಗಲದ್ದು ಒಂದೇ ಚಿತ್ರ ಉಳದಿತ್ತು. ಅಂಗಳದಾಗ ಕೂತ ಮುದುಕಿ, ಬಾಜೂಕ ಒಣಹಾಕಿದ ಕೆಂಪು ಮೆಣಸಿನಕಾಯಿ. ಖುಷಿಯಾತು. ಆಮ್ಯಾಲ ಸೀರಿ ಕಡೆ ನೋಡಿದೆ.

ಮಾಸ್ತರರೇ ನನಗ ಹೇಳಿದ್ರು, ಆಕಿ ಮಗ ಹೊಟ್ಟ್ಯಾಗ ಇದ್ದಾಗ ಗಂಡನ್ನ ಕಳಕೊಂಡಾಕಿ. ಮಡಿ ಹೆಂಗಸು. ಅವತ್ತಿಂದ ಕಡೀತನಕ ಕೆಂಪು ಸೀರಿ, ಬರೇ ಕೈ. ಚಿತ್ರದಾಗ ಹಸಿರು ಸೀರಿ, ಕೈ ತುಂಬ ಹಸಿರು ಬಳಿ, ಹಣಿಮ್ಯಾಲ ಕುಂಕುಮ! ಬಣ್ಣ ಕೆಟ್ಟಿದ್ರ ಮೆಣಸಿನಕಾಯಿನೂ ಕೆಡಬೇಕಿತ್ತಲ್ಲ? ಬಳಿ ಎಲ್ಲಿಂದ ಬಂದ್ವು? ಬ್ಯಾರೆ ಯಾರನ್ನೋ ಕೂಡಿಸಿ ತಗದು, ಮಾಸ್ತರರು ನನ್ನ ಚಾಷ್ಟಿ ಮಾಡ್ಯಾರೇನು ಅಂತ ಸಿಟ್ಟೂ ಬಂತು.

ಮಾಸ್ತರರು ಬಂದು ನೋಡಿದ್ರು. ಮಾರಿ ಕಪ್ಪಿಟ್ಟಿತು.

“ನೀವು ಬಣ್ಣ ಹಚ್ಚೀರೇನ್ರಿ? ನಮ್ಮ ಅವ್ವಗ?”

ಆಗ ನಾವು ಸ್ಟುಡಿಯೋದವರು ಫೋಟೋಕ್ಕ ಕೈಲೇ ಬಣ್ಣ ಹಚ್ಚತಿದ್ವಿ, ಕೇಳಿದವರಿಗೆ ಬಳಿ-ಕುಂಕುಮನೂ ಬರೀತಿದ್ವಿ. ಅವರ ಸಂಶೆ ಸುಳ್ಳಲ್ಲ.

“ದೇವರಾಣಿ, ಕುಂಚ ಮುಟ್ಟಿಲ್ರಿ,” ಅಂದೆ.

ನಂಬಲಿಲ್ಲ. ಬಟ್ಟು ಒದ್ದಿ ಮಾಡಿ ತಿಕ್ಕಿ ನೋಡಿದ್ರು. ಬಣ್ಣ ಹೋಗಲಿಲ್ಲ. ಸ್ಟೂಲಿನ ಮ್ಯಾಲ ಕೂತು, ಮತ್ತ ಬೆಳಕಿಗೆ ಹಿಡದು ನೋಡಿದ್ರು.

“ಅವ್ವನೇ ಹೌದ್ರಿ,” ಅಂದ್ರು. “ನಗಲಿಕ್ಹತ್ತ್ಯಾಳ. ನಾ ತಗದಾಗ ನಕ್ಕಿರಲಿಲ್ಲ. ಇದನ್ನ ಮನ್ಯಾಗ ಹ್ಯಾಂಗ ತೂಗ ಹಾಕಲ್ರಿ?”

ರೋಲು ಬದಲಾತೇನು, ಔಷಧ ಕೆಟ್ಟಿತ್ತೇನು, ಎಲ್ಲಾ ವಿಚಾರ ಮಾಡೇನಿ. ಇವತ್ತಿಗೂ ಯಾವುದೂ ಹೊಂದವಲ್ದು. ಮಾಸ್ತರರು ಆ ದಿವಸ ಚಿತ್ರ ಎದಿ ಕಿಸೆದಾಗ ಇಟಗೊಂಡು ಎದ್ದ್ರು. ಬಾಗಲದಾಗ ತಿರುಗಿ ನಿಂತು, ಕಣ್ಣೊರಸಿಕೊಂಡು, “ನೀವೇ ಹಚ್ಚಿದ್ರೂ ಉಪಕಾರಾತ್ರಿ,” ಅಂತ ಕೈಮುಗದು ಹೋದ್ರು.

ನಾನು ಹಚ್ಚಿರಲಿಲ್ಲ.